ಅರಕೇರಾದ ಬಾವಿಯ ಫೋಟೋ ತೆಗೆದವರು

ಅರಕೇರಾದ ಹಳೆಯ ಬಾವಿಯ ಫೋಟೋ ತೆಗೆದದ್ದು ನಾಹಿದ್. ಮಾನ್ವಿಯಿಂದ ಬಸ್ಸು ಬದಲಿಸಿ ಹೋದವಳು ಅವಳು, ಜಾಲಿಮುಳ್ಳು ಸರಿಸಿಕೊಂಡು ಹಾಳು ಮೆಟ್ಟಿಲು ಇಳಿದವಳೂ ಅವಳೇ. ಇಳಿಬಿಸಿಲಿಗೆ ಅವಳ ನೆರಳು ಬುರ್ಖಾ, ಹೆಗಲಚೀಲ ಸಮೇತ ಮೆಟ್ಟಿಲ ಮೇಲೆ ಉದ್ದಕ್ಕೆ ಬಿದ್ದು ಫೋಟೋದೊಳಗೂ ಬಂದಿತ್ತು. ಛೇ, ಕೆಟ್ಟಿತಲ್ಲ ಎಂದು ಅವತ್ತು ಬೇಸರಪಟ್ಟುಕೊಂಡಿದ್ದಳು.

ದೇವದುರ್ಗ ಕಡೆಯ ಬಾವಿಗಳ ಮೇಲೆ ಅವಳ ಎಂ.ಎ. ಪ್ರಬಂಧ. ಆನ್‌ಲೈನ್ ನಕ್ಷೆಯಲ್ಲಿ ನೋಡಿದರೆ ಆ ಬಾವಿಯ ಗುರುತೇ ಇಲ್ಲ. ಊರಿಗೆ ಊರೇ ನೀರು ಕುಡಿದ ಬಾವಿ, ನಕ್ಷೆಯಲ್ಲಿ ಬರೀ ಬಯಲು! ತಡೆಯಲಾರದೆ ಅಲ್ಲೇ ನಿಂತು ಬಾವಿಯನ್ನು ನಕ್ಷೆಗೆ ಸೇರಿಸಿ, ಫೋಟೋವನ್ನೂ ಹಾಕಿದಳು. ಫೋನು ಮಾತ್ರ ಅಣ್ಣ ಮುನ್ನಾನದು. ಹೆಣ್ಣುಮಕ್ಕಳು ದೂರ ಹೊರಟರೆ ಅಣ್ಣನ ಫೋನು ಜೊತೆಗಿರಬೇಕೆಂಬುದು ಅವರ ಮನೆಯ ರೂಢಿ. ಹಾಗಾಗಿ ನಕ್ಷೆಯಲ್ಲಿ ಫೋಟೋದ ಕೆಳಗೆ ಮುನ್ನಾನ ಹೆಸರು ಬಿತ್ತು. ಫೋನಿನಲ್ಲಿದ್ದ ಮೂಲ ಫೋಟೋವನ್ನು ಅವನು ಜಾಗ ಸಾಲದೆಂದು ಅಳಿಸಿಯೂ ಬಿಟ್ಟ.

ರಾಯಚೂರಿನಲ್ಲಿ ಪ್ರಬಂಧ ನೋಡುವ ಅನಿಲಕುಮಾರ ಸರ್ ಆ ಫೋಟೋ ಇದ್ದ ಪುಟಕ್ಕೆ ಬಂದು ನಿಂತರು. "ಸ್ವಂತ ಫೋಟೋ ಅಂತ ಬರದೀ. ನಕ್ಷೆದಾಗ ಮುನ್ನಾ ಅಂತ ಅದಲ್ಲವಾ?"

"ನಾನ ತಗದದ್ದು ರೀ ಸರ್. ಫೋನ್ ನಮ್ಮಣ್ಣಂದು."

"ಹಂಗಂದ್ರ ಪರೀಕ್ಷಕರು ಕೇಳ್ತಾರೇನು? ಅಲ್ಲಿ ಯಾರ ಹೆಸರದ ಅವರದ ಹಾಕು. ನಕ್ಷಿ ಲಿಂಕು, ನೋಡಿದ ತಾರೀಖು ಹಾಕು. ಇಲ್ಲಾಂದ್ರ ಕದ್ದದ್ದು ಅಂತ ಪ್ರಬಂಧನ ವಾಪಸ್ ಬರ್ತದ."

ಹಿಂದಿನ ವರ್ಷದವರು ಎಲ್ಲ ಚಿತ್ರದ ಕೆಳಗೂ 'ಕೃಪೆ: ಅಂತರ್ಜಾಲ' ಎಂದು ಗೀಚಿ ಪಾಸಾಗಿ ಹೋಗಿದ್ದರು. ನಾಹಿದ್ ಒಂದೊಂದು ನಕ್ಷೆಗೂ ಎಲ್ಲಿಂದ ತಂದದ್ದೆಂದು ಹುಡುಕಿ ಬರೆದಿದ್ದಳು. ಕೊನೆಗೆ ಕಳ್ಳಿ ಎನ್ನಿಸಿಕೊಳ್ಳುವ ಪಾಳಿ ಇವಳಿಗೇ ಬಂತು.

ನಕ್ಷೆಯ ಖಾತೆಯಲ್ಲಿ ಹೆಸರು ಬದಲಿಸಿದರೆ ಮುಗಿಯಿತು ಎಂದುಕೊಂಡು ಮಾನ್ವಿಗೆ ಬಂದು ಅಣ್ಣನ ಚಪ್ಪಲಿ ಅಂಗಡಿಯಲ್ಲಿ ಕೂತಳು. ಮುನ್ನಾ ಫೋನು ಮುಟ್ಟಗೊಡಲಿಲ್ಲ. ಅಂಗಡಿಯ ರೊಕ್ಕವೂ ಅದೇ ಫೋನಿಗೆ ಬರುವುದು, ಹೆಸರು ಬದಲಾದರೆ ಗಿರಾಕಿಗಳು ಹಾಕಿದ್ದು ಎಲ್ಲಿಗೆ ಹೋಗುತ್ತದೋ ಎಂದು ಅವನ ಹೆದರಿಕೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಎಷ್ಟು ಬಾಯಿ ಬಡಿದುಕೊಂಡರೂ ಕೇಳಲಿಲ್ಲ. ಅಣ್ಣನ ಹೆಸರಿದ್ದರೆ ನಿನಗೇನು ಕಡಿಮೆಯಾಯಿತು ಎಂದು ದಖನಿ ಉರ್ದುವಿನಲ್ಲಿ ನಗಾಡಿದ. ಅರಕೇರಾದ ದಾರಿಯನ್ನೇ ತುಳಿಯದ ಪುಣ್ಯಾತ್ಮ! ನಾಹಿದಳಿಗೆ ಅಳು ಬಂದರೂ ಅಂಗಡಿಯಲ್ಲಿ ಅಳಲಿಲ್ಲ.

ಪ್ರಬಂಧ ಕೊಡಲು ಮರುದಿನವೇ ಕೊನೆ. ರಾಯಚೂರಿನ ಪ್ರಿಂಟಿಂಗ್ ಅಂಗಡಿಯಲ್ಲಿ 'ಫೋಟೋ: ಮುನ್ನಾ' ಎಂದು ತಾನೇ ಹೇಳಿ ಟೈಪು ಮಾಡಿಸಿದಳು. ಅಂಗಡಿಯ ಇನಾಯತ್ ಪರದೆ ತೋರಿಸಿದ.

"ಅಕ್ಕಾರ, ಈ ನೆರಳು ಕತ್ತರಿಸ್ಲೇನ್ರೀ? ಫೋಟೋ ಸ್ವಚ್ಛ ಬರ್ತದ."

"ಅದಕ್ಕ ಕೈ ಹಚ್ಚಬ್ಯಾಡ್ರಿ," ಎಂದಳು. ದನಿಯ ಗಡುಸಿಗೆ ಅವನು ಫೋಟೋವನ್ನು ಇದ್ದ ಹಾಗೇ ಪ್ರಿಂಟಿಗೆ ಹಾಕಿದ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಮೇಡಂ ಆ ಪುಟದಲ್ಲೇ ನಿಂತರು. "ಈ ಮುನ್ನಾ ಅನ್ನೋರು ಫೋಟೋ ಭಾಳ ಛಂದ ತಗದಾರ. ಈ ನೆರಳು ಯಾವ ಹೆಣ್ಮಗಳದು?"

ಅನಿಲಕುಮಾರ ಸರ್ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹುಡುಕತೊಡಗಿದರು.

"ಫೋಟೋ ತಗದ ಹೆಣ್ಮಗಳದು ರೀ ಮೇಡಂ," ಎಂದಳು ನಾಹಿದ್.

ಮೇಡಂ ಕೆಳಗಿನ ಹೆಸರನ್ನು ಮತ್ತೊಮ್ಮೆ ಓದಿದರು. ಆಮೇಲೆ ಫೋಟೋದ ನೆರಳನ್ನು ನೋಡಿ, ಕತ್ತೆತ್ತಿ ನಾಹಿದಳ ಹೆಗಲಿನ ಚೀಲ ನೋಡಿದರು.