ಹೊಗೆಯಿಲ್ಲದ ಚಹಾಪಾತ್ರೆ

ಶಾಸನವೊಂದರ ನಕಲಿಗಾಗಿ ಮೊಳಕಾಲ್ಮೂರಿಗೆ ಹೊರಟಿದ್ದ ನಾನು, ಎತ್ತುಗಳು ದಣಿದುದರಿಂದ ಚಳ್ಳಕೆರೆಯಲ್ಲಿ ಕಂಚುಗಾರ ಮೌನಪ್ಪನ ಜಗಲಿಯಲ್ಲಿ ಕುಳಿತೆನು. ಒಲೆಯ ಹೊಗೆಯಿಂದ ಅವನ ತಾಯಿಯ ಕಣ್ಣುಗಳು ಬಹುಮಟ್ಟಿಗೆ ಕೆಟ್ಟಿದ್ದವು. ಅದಕ್ಕಾಗಿ ಅವನು ಚಹಾ ಕಾಯಿಸುವ ಹಿತ್ತಾಳೆಯ ತಪ್ಪಲೆಯ ನಡುವೆ ಕೆಂಡ ತುಂಬುವ ಕೊಳವೆಯನ್ನು ಬೆಸೆದು, ಬಾಯನ್ನು ಕಿರಿದುಗೊಳಿಸಿ, ಹೊಗೆಯಿಲ್ಲದ ಹೊಸ ಪಾತ್ರೆಯೊಂದನ್ನು ನಿರ್ಮಿಸಿದ್ದನು.

ಲೋಟ ನನ್ನ ಕೈಗೆ ಬಂದಾಗ, "ಪಾತ್ರೆಯ ಒಳಗೆ ತವರದ ಕಲಾಯಿ ಹಾಕಿರುವೆಯಾ?" ಎಂದು ಕೇಳಿದೆನು.

"ಬಾಯಿ ಕಿರಿದು, ಕಲಾಯಿ ಹಾಕಕ್ಕೆ ಕೈ ಹೋಗಲ್ಲ ಸ್ವಾಮಿ. ಹದಿನೈದು ದಿನದಿಂದ ನಾನೇ ಕುಡಿದು ನೋಡ್ತಿದೀನಿ. ಏನೂ ಆಗಿಲ್ಲ."

"ಏನೂ ಆಗಿಲ್ವಂತೆ," ಎಂದಳು ತಾಯಿ. "ದಿನಾ ಹಿತ್ತಲಾಗೆ ವಾಂತಿ ಮಾಡ್ಕೊಳ್ಳೋದು ನಂಗೆ ಕೇಳಲ್ವೇನ್ಲೇ? ಹೋಗಿರೋದು ಕಣ್ಣು, ಕಿವಿ ಐತೆ. ನೀವಾದ್ರೂ ಹೇಳ್ರಿ ಸ್ವಾಮಿ."

ಕಲಾಯಿಯಿಲ್ಲದ ಹಿತ್ತಾಳೆ ವಿಷವೆಂದು ಹೇಳಿದೆನು. ಅದು ಅವನಿಗೂ ತಿಳಿದ ಮಾತೇ. ಆದರೂ ಓದಿದವನ ಬಾಯಿಂದ ಬಂದುದಕ್ಕೋ ಏನೋ, ಅವನು ಚಹಾವನ್ನು ಅಂಗಳಕ್ಕೆ ಚೆಲ್ಲಿ, ಉಳಿಯಿಟ್ಟು ಕೊಳವೆಯನ್ನು ಕಿತ್ತುಹಾಕಿದನು.

ತಾಯಿ ಗೋಡೆ ತಡವುತ್ತ ಒಳಗೆ ಹೋಗಿ ಒಲೆ ಊದತೊಡಗಿದಳು. ಮನೆಗೆ ಬಂದವರನ್ನು ಹಾಗೆಯೇ ಕಳುಹಿಸಬಾರದಂತೆ. ಹೊಗೆ ಜಗಲಿಯವರೆಗೂ ಬಂದಿತು, ಅದರ ಹಿಂದೆ ಅವಳ ಕೆಮ್ಮು. ನಾನು ಚಹಾ ಕುಡಿಯುವವನೇ ಅಲ್ಲವೆಂದು ಹೇಳಲು ಅಷ್ಟರಲ್ಲಿ ಹೊತ್ತು ಮೀರಿತ್ತು.