ಮೊದಲ ಗೊನೆಯ ಕಾಯಿ

ಕಠ್ಮಂಡುವಿನಲ್ಲಿ ನಾನು ಒಬ್ಬನೇ ನಡೆದದ್ದು ಒಂದೇ ದಿನ, ಒಂದು ಗುರುವಾರ. ಬೆಳಿಗ್ಗೆ ಎಂಟಕ್ಕೆ ಲಾಡ್ಜ್ ಬಿಟ್ಟೆ, ಸಂಜೆ ಆರಕ್ಕೆ ಮರಳಿದೆ ಎಂದು ಅಂದಿನ ದಿನಚರಿಯಲ್ಲಿದೆ. ಇಂಥದ್ದನ್ನೆಲ್ಲ ಬರೆದಿಡುವುದು ನನ್ನ ಚಿಕ್ಕಂದಿನ ಚಾಳಿ. ಶಾಲೆಯಿಂದ ಹಳೇಬೀಡಿಗೆ ಹೋದಾಗ ಗುಡಿಯ ಗೋಡೆಯ ಆನೆಗಳನ್ನು ಎಣಿಸುತ್ತ ನಿಂತು, ಬಸ್ಸು ಕಾಯಿಸಿ ಮೇಷ್ಟ್ರಿಂದ ಬೈಸಿಕೊಂಡವನು ನಾನು.

ತೊಂಬತ್ತರ ದಶಕ ಮುಗಿಯುತ್ತಿತ್ತು. ಅರಸೀಕೆರೆ ಸುತ್ತಲಿನ ಕೆಲವು ಬೌದ್ಧ ಮನೆಗಳವರು ಸೇರಿ ಲುಂಬಿನಿಗೂ ಕಠ್ಮಂಡುವಿಗೂ ಯಾತ್ರೆ ಹೊರಟಿದ್ದರು. ಅಲ್ಲೇ ಗಂಡಸಿ ಎಂಬ ಊರಿನ ನನ್ನ ಸೋದರತ್ತೆ ಹೋಗಲೇಬೇಕೆಂದು ಹಟ ಹಿಡಿದಿದ್ದಳು. ಅವಳಿಗೆ ಹಿಂದಿ ಬರುವುದಿಲ್ಲ, ಹಾಗಾಗಿ ಡಿಗ್ರಿ ಓದುತ್ತಿದ್ದ ನಾನು ಜೊತೆಗೆ.

ಅತ್ತೆಯ ಹಟಕ್ಕೆ ಕಾರಣ ಒಂದು ತೆಂಗಿನಕಾಯಿ. ಹೊಸ ಮರ ಫಲ ಬಿಟ್ಟರೆ ಮೊದಲ ಗೊನೆಯ ಒಂದು ಕಾಯಿ ದೇವರಿಗೆ. ಅದನ್ನು ಇಡುವವರೆಗೆ ಆ ಮರದ ಇನ್ನೊಂದು ಕಾಯಿಯನ್ನು ಮನೆಯೊಳಗೆ ತರುವಂತಿಲ್ಲ. ತಾತನ ಕಾಲದಲ್ಲಿ ಮನೆಯವರು ಬೌದ್ಧರಾದಾಗ ಎಷ್ಟೋ ಪದ್ಧತಿಗಳು ಹೋದವು, ಇದು ಉಳಿಯಿತು. ಇಡುವ ಜಾಗ ಮಾತ್ರ ಬದಲಾಯಿತು. ಹಿತ್ತಿಲ ಮರ ಆ ವರ್ಷ ಮೊದಲ ಸಲ ಫಲ ಬಿಟ್ಟಿತ್ತು. ಆ ಕಾಯಿ ಕಠ್ಮಂಡುವಿನ ದೊಡ್ಡ ಸ್ತೂಪಕ್ಕೇ ಎಂದು ಅತ್ತೆ ಅಂದುಕೊಂಡುಬಿಟ್ಟಿದ್ದಳು. ರೈಲಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡೇ ನಿದ್ದೆ ಮಾಡಿದಳು.

ಕಠ್ಮಂಡು ತಲುಪಿದ ದಿನವೇ ಲಾಡ್ಜಿನ ಮೆಟ್ಟಿಲಲ್ಲಿ ಅವಳ ಕಾಲು ಉಳುಕಿತು. ಬೆಳಿಗ್ಗೆ ನೋಡಿದರೆ ಕಣಕಾಲು ಬನ್ನಿನ ಹಾಗೆ ಊದಿಕೊಂಡಿತ್ತು. ತಂಡ ಸ್ತೂಪಕ್ಕೆ ಹೋಗುವುದು ಮರುದಿನ, ಅಷ್ಟರಲ್ಲಿ ಕಾಲು ಸರಿಹೋಗುವ ನಂಬಿಕೆ ಅವಳಿಗಿರಲಿಲ್ಲ.

"ಇನ್ನು ನನ್ ಕೈಲಿ ಆಗಲ್ಲ ಕಣೋ. ನೀನೇ ಇಟ್ಟು ಬಾ," ಎಂದು ಕಾಯಿಯನ್ನು ನನ್ನ ಹೆಗಲಚೀಲಕ್ಕೆ ಹಾಕಿದಳು. "ಜುಟ್ಟು ಮೇಲಕ್ಕೆ ಬರಂಗೆ ಇಡು. ಒಡೀಬ್ಯಾಡ. ಸುಮ್ನೆ ಇಟ್ಟು ಕೈ ಮುಗಿ."

ಸ್ತೂಪ ಊರಿನ ಪೂರ್ವಕ್ಕಿತ್ತು. ಬಸ್ಸು ಇತ್ತು, ನಾನು ನಡೆದೆ. ಅಸನ್ ಪೇಟೆಯಲ್ಲಿ ಒಣಮೀನು, ಹಿತ್ತಾಳೆ ಪಾತ್ರೆ, ಕೆಂಪು ಮೆಣಸಿನಕಾಯಿ ಒಂದೇ ಓಣಿಯಲ್ಲಿ. ತಲೆ ತಗ್ಗಿಸಿ ಒಂದು ಬಾಗಿಲೊಳಗೆ ನುಗ್ಗಿದರೆ ಅಂಗಳ, ಅದರಾಚೆ ಇನ್ನೊಂದು ಬಾಗಿಲು, ಇನ್ನೊಂದು ಅಂಗಳ. ಅಲ್ಲಿ ಹೆಂಗಸರು ಬಿಸಿಲಿಗೆ ಭತ್ತ ಹರವಿಕೊಂಡು ಮಾತಾಡುತ್ತಿದ್ದರು. ನಾನು ಯಾರ ಮಗ, ಯಾವ ಕೇರಿಯವನು ಎಂದು ಒಬ್ಬರೂ ಕೇಳಲಿಲ್ಲ. ಅಷ್ಟು ಹಗುರಾಗಿ ನಾನು ಅದುವರೆಗೆ ಎಲ್ಲೂ ನಡೆದಿರಲಿಲ್ಲ. ಅತ್ತೆಯ ನೆನಪು ಬಂದದ್ದು ಚೀಲದ ಕಾಯಿ ಸೊಂಟಕ್ಕೆ ತಾಗಿದಾಗ ಮಾತ್ರ.

ಸ್ತೂಪ ತಲುಪಿದಾಗ ಮಧ್ಯಾಹ್ನ ದಾಟಿತ್ತು. ಬಿಳಿ ಗುಮ್ಮಟ, ಅದರ ಮೇಲೆ ನಾಲ್ಕು ದಿಕ್ಕಿಗೂ ಬಿಡಿಸಿದ ಕಣ್ಣುಗಳು. ಜನ ತುಪ್ಪದ ದೀಪ ಹಚ್ಚಿ, ಪಾರಿವಾಳಕ್ಕೆ ಜೋಳ ಎರಚಿ, ಸುತ್ತು ಬರುತ್ತಿದ್ದರು. ಕಾಯಿ ಇಡಲು ಜಾಗ ನೋಡಿಕೊಂಡು ಚೀಲದ ಬಾಯಿ ಬಿಚ್ಚಿದೆ. ಆಗ ಪಕ್ಕದಲ್ಲೇ ಕನ್ನಡ ಕೇಳಿಸಿತು. ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರು, ಬೆಂಗಳೂರಿನವರಿರಬೇಕು.

"ಲೋ, ನೋಡೋ ಅಲ್ಲಿ, ಜುಟ್ಟಿನ ಕಾಯಿ!"

"ನಮ್ಮೋರು ಚಂದ್ರಲೋಕಕ್ಕೆ ಹೋದ್ರೂ ಕಾಯಿ ಹೊಡೆದೇ ಕೆಳಗಿಳಿಯೋದು ಬಿಡೇ."

ನಕ್ಕರು. ಅದರಲ್ಲಿ ವಿಷವೇನೂ ಇರಲಿಲ್ಲ. ಆದರೆ ಬೆಳಗಿನಿಂದ ಯಾರೂ ಅಲ್ಲದವನಾಗಿ ನಡೆದಿದ್ದ ನಾನು ಒಮ್ಮೆಗೇ ಗಂಡಸಿಯ ಅತ್ತೆಯ ಅಳಿಯನಾಗಿಬಿಟ್ಟೆ. ಚೀಲದ ಬಾಯಿ ಮುಚ್ಚಿದೆ. ಅವರು ಹೋದ ಮೇಲೆ ಇಡೋಣ ಎಂದುಕೊಂಡೆ. ಅವರು ಹೋದರು. ಬೇರೆಯವರು ಬಂದರು. ನಾನು ನಡೆದೇ ಲಾಡ್ಜಿಗೆ ಮರಳಿದೆ.

"ಇಟ್ಯಾ?"

"ಹ್ಞೂಂ."

"ಜುಟ್ಟು ಮೇಲಕ್ಕೆ?"

"ಹ್ಞೂಂ ಅತ್ತೆ."

ಅವಳ ಮುಖ ಅರಳಿದ್ದನ್ನು ನೋಡಲಾಗದೆ ಕಾಲಿಗೆ ಮುಲಾಮು ಹಚ್ಚುವ ನೆಪದಲ್ಲಿ ತಲೆ ತಗ್ಗಿಸಿದೆ. ಆದರೆ ಅವಳು ಕುಂಟುತ್ತಲೇ ಎದ್ದಳು. ಲಾಡ್ಜಿನ ಕೆಳಗೆ ಫೋನ್ ಬೂತ್ ಇತ್ತು. ಗಂಡಸಿಯ ಅಂಗಡಿಯೊಂದಕ್ಕೆ ಫೋನ್ ಹಚ್ಚಿಸಿ ಮಗನನ್ನು ಕರೆಸಿದಳು.

"ಕಾಯಿ ಇಟ್ಟಾಯ್ತು ಕಣ್ಲಾ! ನಾಳೆ ಬೆಳಿಗ್ಗೇನೆ ಮರ ಹತ್ಸು. ಮೊದ್ಲು ಅಕ್ಕಪಕ್ಕದೋರ್ಗೆ ಕೊಡು, ಆಮ್ಯಾಕೆ ನೀವ್ ತಿನ್ನಿ."

ಬೂತಿನ ಗಾಜಿನಾಚೆ ನಾನು ನಿಂತಿದ್ದೆ. ಬಾಯಿ ಬಿಡಲು ಆಗಲೂ ಹೊತ್ತಿತ್ತು.

ಮರುದಿನ ಬೆಳಿಗ್ಗೆ ಊತ ಇಳಿದಿತ್ತು. ತಂಡ ಸ್ತೂಪಕ್ಕೆ ಹೊರಟಾಗ ಅತ್ತೆ ಎಲ್ಲರಿಗಿಂತ ಮೊದಲು ವ್ಯಾನು ಹತ್ತಿದಳು. "ನಮ್ಮಳಿಯ ನೆನ್ನೇನೆ ಇಟ್ಟವ್ನೆ, ತೋರುಸ್ತೀನಿ ಬನ್ನಿ," ಎಂದು ತಂಡದಲ್ಲಿದ್ದ ಬಾಣಾವರದ ಇಬ್ಬರು ಹೆಂಗಸರನ್ನು ಕರೆದುಕೊಂಡು ಸ್ತೂಪವನ್ನು ಸುತ್ತತೊಡಗಿದಳು. ಹಿಂದೆ ನಾನು. ಕಾಯಿ ಚೀಲದಲ್ಲೇ ಇತ್ತು. ಯಾರೂ ನೋಡದಾಗ ಎಲ್ಲಾದರೂ ಇಟ್ಟುಬಿಡೋಣ ಎಂದು ತಂದಿದ್ದೆ. ಆದರೆ ಅತ್ತೆ ನನ್ನ ತೋಳು ಹಿಡಿದುಕೊಂಡೇ ಕುಂಟುತ್ತಿದ್ದಳು.

"ಎಲ್ಲಿಟ್ಟೆ ಕಣೋ?"

"ಇಲ್ಲೇ ಎಲ್ಲೋ..."

"ಬುದ್ಧಂಗೂ ಚಟ್ನಿ ಆಸೆ ಆಯ್ತೇನೋ ಬುಡಕ್ಕ," ಎಂದು ಬಾಣಾವರದವರಲ್ಲೊಬ್ಬಳು ನಕ್ಕಳು.

ಅಂಗಳ ಗುಡಿಸುತ್ತಿದ್ದ ಹೆಂಗಸಿನ ಮುಂದೆ ಅತ್ತೆ ಎರಡೂ ಕೈಯಲ್ಲಿ ಗುಂಡಗೆ ಮಾಡಿ, ಮೇಲೆ ಬೆರಳಿಂದ ಜುಟ್ಟು ತೋರಿಸಿ ಕೇಳಿದಳು. ಆಕೆಗೆ ಅರ್ಥವಾಯಿತು; ಇಲ್ಲವೆಂದು ತಲೆಯಾಡಿಸಿದಳು. "ಇವ್ಳೇ ಎತ್ಕಂಡಿರ್ತಾಳೆ, ಮಖ ನೋಡು," ಎಂದಳು ಇನ್ನೊಬ್ಬಳು. ಮಾತು ತಿಳಿಯದಿದ್ದರೂ ಅದರ ದನಿ ತಿಳಿಯಿತೇನೋ, ಗುಡಿಸುವವಳು ಪೊರಕೆ ಕೆಳಗಿಟ್ಟು ತನ್ನ ಬುಟ್ಟಿಯನ್ನೇ ಬೋರಲು ಹಾಕಿ ತೋರಿಸಿದಳು. ಬಾಡಿದ ಹೂ, ದೀಪದ ಬತ್ತಿ, ಜೋಳದ ಕಾಳು.

ನಾನು ಚೀಲದಿಂದ ಕಾಯಿ ತೆಗೆದೆ.

ಅತ್ತೆ ಕಾಯಿ ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. "ಅಲ್ಲಿ ಈಗ ಮರ ಹತ್ತಿರ್ತಾರೆ," ಎಂದಳು.

ನಾನು ಓಡಿದೆ. ರಸ್ತೆಯಾಚೆಯ ಬೂತಿನಿಂದ ಗಂಡಸಿಗೆ ಫೋನ್ ಸಿಕ್ಕಿತು. ಅಂಗಡಿಯವರು ಖುಷಿಯಿಂದ ಹೇಳಿದರು: "ಆಗ್ಲೇ ಕಿತ್ತು ಹಂಚಾಯ್ತಲ್ಲಪ್ಪ. ನಮ್ಮನೇಗೂ ಎರಡು ಬಂದವೆ. ನಿಮ್ಮತ್ತೆಗೆ ಹೇಳು, ಕಾಯಿ ಬಾಳ ಸಿಹಿ ಐತೆ."

ಮರಳಿ ಬಂದಾಗ ಅತ್ತೆ ಕಾಯಿ ಇಟ್ಟಾಗಿತ್ತು, ಜುಟ್ಟು ಮೇಲಕ್ಕೆ. ಗುಡಿಸುವವಳ ಪಕ್ಕ ಕೂತು, ಚೆಲ್ಲಿದ ಕಸವನ್ನು ಅವಳ ಬುಟ್ಟಿಗೆ ತುಂಬಿಕೊಡುತ್ತಿದ್ದಳು. ಫೋನಿನಲ್ಲಿ ಏನೆಂದರು ಎಂದು ಕೇಳಲಿಲ್ಲ. ಬಾಣಾವರದವರು ಅಲ್ಲಿರಲಿಲ್ಲ.

ಗಂಡಸಿಯ ಮನೆ ಸೇರಿದ ದಿನ ಅಕ್ಕಪಕ್ಕದವರೆಲ್ಲ ನೆರೆದರು. "ಅಳಿಯನೇ ಇಟ್ನಂತಲ್ಲ ಅತ್ತೆ?" ಎಂದು ಸೊಸೆ ಕೇಳಿದಳು.

"ಹ್ಞೂಂ ಕಣವ್ವ, ಅವ್ನೇ ಇಟ್ಟ. ಗುರುವಾರನೇ," ಎಂದಳು ಅತ್ತೆ.

ಊಟಕ್ಕೆ ಕೂತೆವು. ಮುದ್ದೆ, ಸಾರು, ಆ ಮರದ ಕಾಯಿಯ ಚಟ್ನಿ. ಸೊಸೆ ಬಡಿಸಲು ಬಂದಾಗ ಅತ್ತೆ ತಟ್ಟೆಗೆ ಕೈ ಅಡ್ಡ ಹಿಡಿದು, "ನಂಗ್ ಹಲ್ಲು ನೋವು, ಬ್ಯಾಡ," ಎಂದಳು. ದಾರಿಯುದ್ದಕ್ಕೂ ಹುರಿಗಡಲೆ ತಿಂದ ಹಲ್ಲು ಅದು. ನಾನೂ ಬೇಡವೆನ್ನಲು ಬಾಯಿ ತೆರೆದೆ.

"ಅವನಿಗೆ ಹಾಕು. ಅಷ್ಟು ದೂರ ನಡೆದವ್ನೆ," ಎಂದಳು.

ಸೊಸೆ ಎರಡು ಸೌಟು ಹಾಕಿದಳು. ಅತ್ತೆ ನೋಡುತ್ತಿದ್ದಳು. ತಿಂದೆ.