ಬೆನ್ನ ಹಿಂದಿನ ಆಮೆನ್

ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವಾಗ ಒಂದಕ್ಕೆರಡು ಸೇರಿಸುವವರು ನಮ್ಮ ಸಭೆಯಲ್ಲೂ ಇದ್ದಾರೆ. ನಾನು ಆ ಪೈಕಿ ಅಲ್ಲ. ಇದು ನನಗೇ ಆದದ್ದು, ಹೋದ ಬೇಸಿಗೆಯಲ್ಲಿ, ಪಾಂಡವಪುರದ ನಮ್ಮ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ.

ಮಗಳು ಗ್ರೇಸಿಗೆ ಡೆಂಗಿ ಜ್ವರ. ಮಂಡ್ಯದ ಆಸ್ಪತ್ರೆಯಲ್ಲಿ ಅವಳ ಜೊತೆ ಒಬ್ಬರಿಗೇ ಜಾಗ. ಹೆಂಡತಿ ಅಲ್ಲಿ, ನಾನು ಇಲ್ಲಿ. ಬೆಳಗಾಗುವವರೆಗೆ ಏನೂ ಹೇಳಲಾಗದು ಅಂದುಬಿಟ್ಟಿದ್ದರು ಡಾಕ್ಟರು. ಸಭೆಯವರು ಸರಪಳಿ ಪ್ರಾರ್ಥನೆ ಇಟ್ಟರು. ಅಂದರೆ, ರಾತ್ರಿಯಿಡೀ ಒಬ್ಬರಾದ ಮೇಲೊಬ್ಬರು ಮಂಡಿಯೂರಬೇಕು; ಮುಂದಿನವರು ಬರುವವರೆಗೆ ಏಳುವಂತಿಲ್ಲ. ನನ್ನ ನಂತರ ಚಿನಕುರಳಿಯ ಸಾಮಣ್ಣ, ಕ್ವಾರಿ ಲಾರಿಯ ಡ್ರೈವರು. ತಡವಾಗಿ ಬರುವುದರಲ್ಲಿ ಎತ್ತಿದ ಕೈ.

ನನಗಿಂತ ಮುಂಚಿನವರು ಹೊರಟ ಮೇಲೆ, ನಾಯಿ ಕಾಟಕ್ಕೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಒಬ್ಬನೇ ಕಣ್ಮುಚ್ಚಿ ಮಂಡಿಯೂರಿದೆ. ಎಲ್ಲೂ ಸದ್ದಿಲ್ಲ. ಆಮೇಲೆ... ಹಿಂದೆ ಚಾಪೆ ಸರಿದಂತಾಯಿತು. ಹಸಿ ಮಣ್ಣಿನ ವಾಸನೆ. ಸಾಮಣ್ಣ ಕ್ವಾರಿಯಿಂದ ನೇರ ಬಂದಿದ್ದಾನೆ ಎಂದುಕೊಂಡೆ. ಚಿಲಕದ ನೆನಪೇ ಆಗಲಿಲ್ಲ ನೋಡಿ!

"ಜ್ವರ ಇಳಿಸು ತಂದೆ" ಅಂದೆ. ಹಾಗೇ ಆಗಲಿ ಎಂಬಂತೆ ಹಿಂದಿನಿಂದ ಪಿಸುದನಿ: "ಆಮೆನ್."

"ಅವ್ಳ ಅಮ್ಮಂಗೆ ಧೈರ್ಯ ಕೊಡು."

"ಆಮೆನ್."

ಜೊತೆಗೊಬ್ಬರಿದ್ದಾರೆಂದು ಎದೆ ಹಗುರಾಯಿತು. ಅಳು ಒತ್ತರಿಸಿ ಬಂತು. ಬಾಯಿಗೆ ಬಂದದ್ದನ್ನು ಅಂದೇಬಿಟ್ಟೆ: "ಕರ್ಕೊಳ್ಳಲೇಬೇಕು ಅಂದ್ರೆ ನನ್ನ ಕರ್ಕೊ. ಅವ್ಳನ್ನ ಬುಟ್ಬುಡು."

ಕಿವಿಯ ಪಕ್ಕದಲ್ಲೇ ತಣ್ಣನೆಯ ಉಸಿರು.

"ಆಮೆನ್."

ಅದು ಸಾಮಣ್ಣನ ದನಿಯಲ್ಲ.

ಅಷ್ಟರಲ್ಲಿ ಬಾಗಿಲು ದಡದಡ ಬಡಿದ ಸದ್ದು. "ತೆಗೀಲಾ! ಲಾರಿ ಕೆಟ್ಟೋಗಿ ತಡ ಆಗ್ಬುಡ್ತು ಕಣ್ಲಾ!"

ತಿರುಗಿದೆ. ಯಾರೂ ಇಲ್ಲ. ಚಿಲಕ ಹಾಕಿದಂತೆಯೇ ಇತ್ತು. ಹೋಗಿ ತೆಗೆದೆ. ಸಾಮಣ್ಣ ಒಳಗೆ ಇಣುಕಿ, ದನಿ ತಗ್ಗಿಸಿ ಕೇಳಿದ: "ಜೊತೇಲಿ ಯಾರ್ಲಾ ಇದ್ದಿದ್ದು? ಇಬ್ರು ಮಾತಾಡಂಗೆ ಕೇಳ್ತು."

ಬೆಳಗ್ಗೆ ಹೆಂಡತಿಯ ಫೋನು. "ಜ್ವರ ಇಳಿತು ಕಣ್ರೀ... ಗಂಜಿ ಕೇಳ್ತಾವ್ಳೆ!" ಬೀದಿಯಲ್ಲೇ ನಿಂತು ಮಗುವಿನಂತೆ ಅತ್ತೆ.

ಪಾಸ್ಟರಮ್ಮನಿಗೆ ಎಲ್ಲ ಹೇಳಿದೆ. "ದೇವ್ರ ಜೊತೆ ಚೌಕಾಸಿ ಮಾಡ್ತಾರೇನಪ್ಪ? ಅವ್ನು ನೋಡ್ಕೋತಾನೆ ಅಂತ ನಂಬ್ಬುಟ್ಟು ಸುಮ್ಕಿರು" ಎಂದರು. ನಂಬಿದ್ದೇನೆ. ಮಗಳನ್ನು ಉಳಿಸಿಕೊಟ್ಟವನನ್ನು ನಂಬದೆ ಇನ್ಯಾರನ್ನು ನಂಬಲಿ? ಆದರೆ ಆ ರಾತ್ರಿ ನನ್ನ ಮಾತಿಗೆ ಒಪ್ಪಿಕೊಂಡದ್ದು ಅವನೇನಾ...?

ಈಗ ದಿನಾ ಮಲಗುವ ಮುನ್ನ ಗ್ರೇಸಿ ಕೈಮುಗಿದು ಬೇಡುತ್ತಾಳೆ: "ಯೇಸಪ್ಪಾ, ನಮ್ಮಪ್ಪನ್ನ ಚೆನ್ನಾಗಿಟ್ಟಿರು." ನಾನು ಆಮೆನ್ ಅಂದು, ಉಸಿರು ಹಿಡಿದು ಕಾಯುತ್ತೇನೆ. ಆ ದನಿ ಇದಕ್ಕೂ ಆಮೆನ್ ಅನ್ನಲಿ ಎಂದು...

ಇದುವರೆಗೆ ಅಂದಿಲ್ಲ.